‘ಟಿವಿ ವಿಭಾಗ ಅಂದ್ರೆ ಸೀರಿಯಲ್ ಕ್ಲಾಸಾ ಸಾರ್?’

ಫಿಲ್ಮ್ ಇನ್‌ಸ್ಟಿಟ್ಯೂಟ್‌ಗಳ ಪ್ರವೇಶ ಪರೀಕ್ಷೆಯ ಪ್ರಕಟಣೆ ಬಂದ ವಾರ ನನ್ನ ಇನ್‌ಬಾಕ್ಸ್ ತುಂಬಿ ಹೋಗುತ್ತದೆ. ಹೋದ ವರ್ಷ ಕೇಳಿದ್ದನ್ನೇ ಈ ವರ್ಷ ಬೇರೆಯವರು ಕೇಳುತ್ತಾರೆ. ಫೀಸು ಎಷ್ಟು, ಕೊನೇ ದಿನ ಯಾವತ್ತು, ಫಾರ್ಮ್ ಎಲ್ಲಿ ತುಂಬೋದು ಅಂತ ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ಅದೆಲ್ಲ ಆಯಾ ಸಂಸ್ಥೆಯ ವೆಬ್‌ಸೈಟಿನಲ್ಲಿದೆ, ಮತ್ತು ಅದು ಪ್ರತಿ ವರ್ಷ ಬದಲಾಗುತ್ತದೆ. ಡಿಗ್ರಿ ಮುಗಿಸಿದವರಿಗೆ ಅಷ್ಟು ಓದಿಕೊಳ್ಳಲು ಬರಬೇಕು, ಅಲ್ವಾ?

ಪ್ರಶ್ನೆ: ಬಿ.ಇ. ಮುಗಿಸಿದ್ದೇನೆ. ಡೈರೆಕ್ಷನ್ ಕಲಿಯಬೇಕು. ಕೇಂದ್ರ ಸರ್ಕಾರದ ಫಿಲ್ಮ್ ಮತ್ತು ಟಿವಿ ತರಬೇತಿ ಸಂಸ್ಥೆಯಾದ ಪುಣೆಯ ಎಫ್‌ಟಿಐಐನಲ್ಲಿ ಮೂರು ವರ್ಷದ ಫಿಲ್ಮ್ ಕೋರ್ಸ್ ಸಿಗದಿದ್ದರೆ ಒಂದು ವರ್ಷದ ಟಿವಿ ಕೋರ್ಸಿಗೆ ಸೇರಬಹುದೇ? ಅದು ಸೀರಿಯಲ್ ಮಾಡುವವರಿಗೆ, ಸಿನಿಮಾದವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ ಅಂತ ಸೀನಿಯರ್ ಒಬ್ಬರು ಹೇಳಿದರು.

ಆ ಸೀನಿಯರ್ ಎಲ್ಲಿ ಓದಿದವರು ಅಂತ ಕೇಳಿದ್ದೀರಾ? ಕೇಳಿರುವುದಿಲ್ಲ.

2024ರಲ್ಲಿ ಕಾನ್ ಚಿತ್ರೋತ್ಸವದ ‘ಲಾ ಸಿನೆಫ್’ ವಿಭಾಗಕ್ಕೆ ಜಗತ್ತಿನ ಫಿಲ್ಮ್ ಸ್ಕೂಲುಗಳಿಂದ 2,263 ಕಿರುಚಿತ್ರಗಳು ಬಂದಿದ್ದವು. ಅದರಲ್ಲಿ 18 ಆಯ್ಕೆಯಾದವು. ಮೊದಲ ಬಹುಮಾನ ಬಂದದ್ದು ನಮ್ಮ ಮೈಸೂರಿನಲ್ಲಿ ಎಂಬಿಬಿಎಸ್ ಓದಿದ ಚಿದಾನಂದ ಎಸ್. ನಾಯ್ಕ್ ಅವರ ಹದಿನಾರು ನಿಮಿಷದ ಕನ್ನಡ ಚಿತ್ರಕ್ಕೆ. ಕೋಳಿ ಕಳುವಾಗಿ ಊರಿಗೆ ಬೆಳಗೇ ಆಗದ ಕತೆ. ನಾವೆಲ್ಲ ಚಿಕ್ಕಂದಿನಲ್ಲಿ ಒಂದಲ್ಲ ಒಂದು ರೂಪದಲ್ಲಿ ಕೇಳಿದ ಕೋಳಿ ಅಜ್ಜಿಯ ಕತೆಯೇ. ಅದು ಅವರು ಕೋರ್ಸಿನ ಕೊನೆಗೆ ಮಾಡಿದ ಚಿತ್ರ, ಶೂಟಿಂಗ್ ನಡೆದದ್ದು ನಾಲ್ಕು ದಿನ. ಅವರು ಓದಿದ್ದು ಯಾವ ವಿಭಾಗ? ನಿಮ್ಮ ಸೀನಿಯರ್ ಲೆಕ್ಕಕ್ಕಿಡದ ಅದೇ ಒಂದು ವರ್ಷದ ಟಿವಿ ವಿಭಾಗ.

ಹಾಗಂತ ಎಲ್ಲರೂ ಅಲ್ಲಿಗೇ ಓಡಿ ಅಂತ ನಾನು ಹೇಳುತ್ತಿಲ್ಲ. ಆ ಬಹುಮಾನ ಬಂದ ಮೇಲೆ ‘ಒಂದೇ ವರ್ಷದಲ್ಲಿ ಕಾನ್’ ಅನ್ನೋ ಹೊಸ ಭ್ರಮೆ ಹುಟ್ಟಿಕೊಂಡಿದೆ. ಅದು ಹಳೆಯದಕ್ಕಿಂತ ಅಪಾಯ.

ಈ ತಾತ್ಸಾರ ಎಲ್ಲಿಂದ ಬಂತು ಅಂತ ನೋಡಿ. ಪುಣೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ 1960ರಲ್ಲಿ ಶುರುವಾದದ್ದು ಬರೀ ಫಿಲ್ಮ್ ಸಂಸ್ಥೆ. ಟಿವಿ ತರಬೇತಿ 1971ರಲ್ಲಿ ದೆಹಲಿಯಲ್ಲಿ ಬೇರೆಯಾಗಿ ಆರಂಭವಾಗಿ, 1974ರಲ್ಲಿ ಪುಣೆಗೆ ಬಂತು. ಆಗ ಅಲ್ಲಿ ಕಲಿಯುತ್ತಿದ್ದವರು ದೂರದರ್ಶನದ ನೌಕರರು. ಫಿಲ್ಮ್ ಹುಡುಗರ ಕಣ್ಣಿಗೆ ಅವರು ಸರ್ಕಾರಿ ಸಿಬ್ಬಂದಿ. ಆ ಕಾಲದ ಕ್ಯಾಂಟೀನ್ ಜಗಳ ಇವತ್ತಿಗೂ ಸಲಹೆಯ ರೂಪದಲ್ಲಿ ಓಡಾಡುತ್ತಿದೆ, ಅಷ್ಟೇ. ಈಗ ಎರಡೂ ಕಡೆ ಡಿಜಿಟಲ್ ಕ್ಯಾಮೆರಾ, ಎರಡೂ ಕಡೆ ಕಂಪ್ಯೂಟರಿನಲ್ಲೇ ಎಡಿಟಿಂಗ್.

ಆದರೆ ಕಲಿಯುವ ರೀತಿಯಲ್ಲಿ ವ್ಯತ್ಯಾಸ ಇದೆ. ಅದನ್ನು ಯಾರೂ ಕೇಳುವುದಿಲ್ಲ.

ಟಿವಿ ತರಬೇತಿಯ ಜೀವಾಳ ಮಲ್ಟಿ-ಕ್ಯಾಮೆರಾ ಸ್ಟುಡಿಯೋ. ಕೆಳಗೆ ಮೂರು ಕ್ಯಾಮೆರಾ, ಕಂಟ್ರೋಲ್ ರೂಮಿನಲ್ಲಿ ನಿಮ್ಮ ಮುಂದೆ ಸಾಲಾಗಿ ಮಾನಿಟರುಗಳು, ಪಕ್ಕದಲ್ಲಿ ಸ್ವಿಚರ್ (ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಾಯಿಸುವ ಬಟನ್ ಹಲಗೆ) ಮೇಲೆ ಬೆರಳಿಟ್ಟು ಕೂತ ಸಹಪಾಠಿ. ಒಬ್ಬಳು ನಟಿ ಕಾಗದ ಓದುತ್ತಿದ್ದಾಳೆ. ಓದಿ ಮುಗಿಸಿ ತಲೆ ಎತ್ತುತ್ತಾಳೆ. ನೀವು ‘ಟೂ, ಸ್ಟ್ಯಾಂಡ್‌ಬೈ’ ಅಂದಿದ್ದೀರಿ, ಅಂದರೆ ಎರಡನೇ ಕ್ಯಾಮೆರಾ ತಯಾರಿರಲಿ ಅಂತ. ‘ಟೇಕ್ ಟೂ’ ಅನ್ನುವುದು ಅರ್ಧ ಸೆಕೆಂಡ್ ತಡವಾಯಿತು. ಅವಳು ತಲೆ ಎತ್ತಿದ್ದು ದೂರದ ಶಾಟಿನಲ್ಲಿ ಕಳೆದು ಹೋಯಿತು. ಕ್ಲೋಸಪ್ಪಿಗೆ ಬರುವಷ್ಟರಲ್ಲಿ ಸುಮ್ನೆ ನೋಡುತ್ತಾ ಕೂತ ಮುಖ ಮಾತ್ರ ಉಳಿದಿದೆ. ದೃಶ್ಯ ಸತ್ತಿತು. ಎಡಿಟಿಂಗ್ ಟೇಬಲಿನಲ್ಲಾದರೆ ಆ ಕಟ್ಟನ್ನು ಹನ್ನೆರಡು ಫ್ರೇಮ್, ಅಂದರೆ ಆ ಅರ್ಧ ಸೆಕೆಂಡ್, ಹಿಂದೆ ಸರಿಸಿ ಬಚಾವಾಗಬಹುದು. ಸ್ಟುಡಿಯೋದಲ್ಲಿ ಆಗುವುದಿಲ್ಲ. ನಟರ ಉಸಿರು ನೋಡಿ ಮುಂದೇನು ಮಾಡುತ್ತಾರೆ ಅಂತ ಊಹಿಸುವುದನ್ನು ಈ ಕೋಣೆ ಕಲಿಸಿದಷ್ಟು ಬೇರೆ ಯಾವುದೂ ಕಲಿಸುವುದಿಲ್ಲ. ನಾನು ಎಡಿಟರ್, ಆದ್ದರಿಂದ ಹೇಳುತ್ತಿದ್ದೇನೆ. ಆ ತರಬೇತಿ ಇರುವವರು ಶೂಟ್ ಮಾಡಿ ತಂದ ಸರಕು ನೋಡಿದ ಕೂಡಲೇ ಗೊತ್ತಾಗುತ್ತದೆ.

ಮೂರು ವರ್ಷದ ಫಿಲ್ಮ್ ಕೋರ್ಸು ಕೊಡುವುದು ಸಮಯ. ಮೊದಲ ವರ್ಷ ನಿಮ್ಮ ವಿಷಯ ಯಾವುದೇ ಇರಲಿ, ಎಲ್ಲದರ ಮೇಲೂ ಕೈ ಆಡಿಸಬೇಕು. ಆಮೇಲೆ ಒಂದೊಂದೇ ಎಕ್ಸರ್‌ಸೈಜ್. ಮಾತಿಲ್ಲದ ದೃಶ್ಯ, ಇಬ್ಬರ ಮಾತುಕತೆ, ಹಾಡು, ಕೊನೆಗೆ ಡಿಪ್ಲೊಮಾ ಫಿಲಂ. ಪ್ರತಿಯೊಂದನ್ನೂ ಬ್ಯಾಚಿನವರೇ ತಂಡ ಕಟ್ಟಿ ಮಾಡಬೇಕು. ಡೈರೆಕ್ಷನ್ನಿನವರು ಒಬ್ಬರು, ಕ್ಯಾಮೆರಾದವರು ಒಬ್ಬರು, ಎಡಿಟರ್ ಒಬ್ಬರು, ಸೌಂಡ್ ಒಬ್ಬರು. ಕೆಟ್ಟದಾಗಿ ಮಾಡಿ, ಎಲ್ಲರ ಮುಂದೆ ಬೈಸಿಕೊಂಡು, ಮತ್ತೆ ಮಾಡಲು ಅಲ್ಲಿ ಜಾಗ ಇದೆ. ಗಿರೀಶ್ ಕಾಸರವಳ್ಳಿ ಮಣಿಪಾಲದಲ್ಲಿ ಬಿ.ಫಾರ್ಮಾ ಓದಿ ಪುಣೆಗೆ ಹೋದವರು. ಅವರ ಡಿಪ್ಲೊಮಾ ಚಿತ್ರಕ್ಕೇ ರಾಷ್ಟ್ರ ಪ್ರಶಸ್ತಿ ಬಂತು, 1977ರಲ್ಲಿ ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೆ ದೇಶದ ಅತ್ಯುತ್ತಮ ಚಿತ್ರದ ಸ್ವರ್ಣ ಕಮಲ. ನಡುವೆ ಅಲ್ಲಿ ಏನು ನಡೆಯಿತು ಅನ್ನುವುದನ್ನು ಯೋಚಿಸಿ. ಬಹುಮಾನದ ಪಟ್ಟಿ ಬಾಯಿಪಾಠ ಮಾಡಬೇಡಿ.

ಒಂದು ಎಚ್ಚರಿಕೆ. ಮೂರು ವರ್ಷ ಅಂದರೆ ಮೂರೇ ವರ್ಷ ಅಂತ ಮನೆಯಲ್ಲಿ ಮಾತು ಕೊಡಬೇಡಿ. 2015ರಲ್ಲಿ ಪುಣೆಯ ವಿದ್ಯಾರ್ಥಿಗಳು 139 ದಿನ ಮುಷ್ಕರ ಮಾಡಿದರಲ್ಲ, ಆಗ 2008ರಲ್ಲಿ ಸೇರಿದವರು ಡಿಪ್ಲೊಮಾ ಚಿತ್ರ ಮುಗಿಯದೆ ಇನ್ನೂ ಕ್ಯಾಂಪಸ್ಸಿನಲ್ಲೇ ಇದ್ದರು. ಸಾಲ ಮಾಡಿ ಓದುವವರು ಇದನ್ನು ಲೆಕ್ಕ ಹಾಕಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು? ನೀವು ಈಗಾಗಲೇ ಗೆಳೆಯರ ಜೊತೆ ಎರಡು ಮೂರು ಕಿರುಚಿತ್ರ ಮಾಡಿದ್ದೀರಿ, ಎಡವಿದ್ದೀರಿ, ತಲೆಯಲ್ಲಿ ಹೇಳಲೇಬೇಕಾದ ಕತೆ ಇದೆ ಅಂದರೆ ಒಂದು ವರ್ಷ ಸಾಕು. ನಿಮಗೆ ಬೇಕಿರುವುದು ಸಲಕರಣೆ, ತಂಡ, ಗಡುವು. ಮೂರೂ ಅಲ್ಲಿ ಸಿಗುತ್ತವೆ. ಇನ್ನೂ ಏನನ್ನೂ ಮುಟ್ಟಿಲ್ಲ, ಸಿನಿಮಾ ನೋಡೋದು ಇಷ್ಟ ಅಷ್ಟೇ ಅನ್ನುವವರಿಗೆ ಆ ವರ್ಷ ಹಾಸ್ಟೆಲ್ ರೂಮು ಹೊಂದಿಸಿಕೊಳ್ಳುವುದರಲ್ಲೇ ಮುಗಿಯುತ್ತದೆ. ನನ್ನನ್ನು ಕೇಳಿದರೆ, ಬಿ.ಇ. ಮುಗಿದ ಜೂನಿಗೇ ಎರಡೂ ಬೇಡ. ಒಂದೆರಡು ವರ್ಷ ಕೆಲಸ ಮಾಡಿ, ಊರು ತಿರುಗಿ, ಜನರ ಮಾತು ಕೇಳಿ. ಇಪ್ಪತ್ತೆರಡರ ಹುಡುಗರು ಬರೆದು ತರುವ ಕತೆಗಳಲ್ಲಿ ಬೈಕ್, ಸಿಗರೇಟು, ಬ್ರೇಕಪ್ ಬಿಟ್ಟು ನಾಲ್ಕನೆಯದು ಸಿಕ್ಕರೆ ನನಗೆ ಆಶ್ಚರ್ಯ. ಇದು ನನ್ನ ಅತಿ ಎಚ್ಚರಿಕೆ ಅಂತ ಗೆಳೆಯರು ಬೈಯುತ್ತಾರೆ. ಬೈಯಲಿ.

ಇನ್ನೊಂದು. ನೀವು ಬಿ.ಇ. ಅಂದಿರಿ. ಪಿಯುಸಿಯಲ್ಲಿ ಫಿಸಿಕ್ಸ್ ಓದಿದ್ದೀರಿ. ಸೌಂಡ್ ವಿಭಾಗಕ್ಕೆ ಅದು ಬೇಕು, ಡೈರೆಕ್ಷನ್ ಕೇಳುವ ಎಷ್ಟೋ ಜನರ ಹತ್ತಿರ ಅದಿಲ್ಲ. ಆದರೂ ನಿಮ್ಮಂಥವರು ಒಬ್ಬರೂ ಸೌಂಡ್ ಬಗ್ಗೆ ಕೇಳುವುದಿಲ್ಲ. ಒಂದೊಂದು ವಿಷಯಕ್ಕೂ ಸೀಟು ಇರುವುದು ಹತ್ತರ ಆಸುಪಾಸು. ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ಗುತ್ತೀರಿ. ರಸೂಲ್ ಪೂಕುಟ್ಟಿ ಪುಣೆಯಲ್ಲಿ ಸೌಂಡ್ ಓದಿದವರು, 2009ರಲ್ಲಿ ಆಸ್ಕರ್ ತಂದರು. ಆದರೆ ಆಸ್ಕರ್ ಬಿಡಿ, ದಿನದ ಕೆಲಸ ನೋಡಿ. ಒಂದು ಮನೆಯಲ್ಲಿ ಶೂಟಿಂಗ್ ಮುಗಿಯಿತು, ಎಲ್ಲರಿಗೂ ಊಟದ ಅವಸರ. ಸೌಂಡ್ ಹುಡುಗಿ ‘ಯಾರೂ ಅಲ್ಲಾಡಬೇಡಿ’ ಅಂತ ಎಲ್ಲರನ್ನೂ ನಿಲ್ಲಿಸಿ ಒಂದು ನಿಮಿಷ ಆ ಕೋಣೆಯ ಖಾಲಿ ಸದ್ದು ರೆಕಾರ್ಡ್ ಮಾಡುತ್ತಾಳೆ. ಫ್ರಿಜ್ ಮತ್ತೆ ಆನ್ ಮಾಡಿದವನಿಗೆ ಬೈಗುಳ. ಮಾತಿನ ನಡುವಿನ ಕೆಮ್ಮು, ತೊದಲು ನಾನು ಕತ್ತರಿಸಿದಾಗ ಅಲ್ಲೊಂದು ತೂತು ಬೀಳುತ್ತದೆ. ಆ ಒಂದು ನಿಮಿಷದ ಸದ್ದು ಇದ್ದರೆ ಅದರಿಂದ ಮುಚ್ಚುತ್ತೇನೆ. ಇಲ್ಲದಿದ್ದರೆ ಪ್ರೇಕ್ಷಕರಿಗೆ ಏನೋ ತಪ್ಪಿದೆ ಅನ್ನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಇಂಥ ಕೆಲಸದಲ್ಲಿ ಖುಷಿ ಕಾಣುವವರು ನೀವಾದರೆ ಡೈರೆಕ್ಷನ್ ಹಠ ಬಿಡಿ. ಕಾಣದಿದ್ದರೆ ಡೈರೆಕ್ಷನ್ನೂ ಬೇಡ.

ಪ್ರಶ್ನೆ: ಪುಟ್ಟಣ್ಣ ಕಣಗಾಲ್ ಯಾವ ಫಿಲ್ಮ್ ಸ್ಕೂಲಿಗೆ ಹೋಗಿದ್ದರು?

ಯಾವುದಕ್ಕೂ ಇಲ್ಲ. ನಿರ್ದೇಶಕ ಬಿ.ಆರ್. ಪಂತುಲು ಅವರ ಕೈಕೆಳಗೆ ಸಹಾಯಕರಾಗಿ ದುಡಿದರು. ನಿಮ್ಮನ್ನು ಹಾಗೆ ಇಟ್ಟುಕೊಂಡು ಕಲಿಸುವವರು ಸಿಕ್ಕರೆ ಖಂಡಿತ ಪುಣೆಗೆ ಹೋಗಬೇಡಿ. ಈಗಿನ ಎಷ್ಟೋ ಸೆಟ್ಟುಗಳಲ್ಲಿ ಅಸಿಸ್ಟೆಂಟುಗಳಿಗೆ ಸಿಗುವುದು ಟೀ ಲೆಕ್ಕ, ಟ್ರಾಫಿಕ್ ನಿಲ್ಲಿಸುವ ಕೆಲಸ. ಓದದೆ ಗೆದ್ದವರ ಹೆಸರು ಹೇಳುವವರು ಅವರು ದುಡಿದ ವರ್ಷಗಳನ್ನು ಮಾತ್ರ ಹೇಳುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಒಂದು ಅಕಾಡೆಮಿ ಆರು ವಾರದಲ್ಲಿ ಡೈರೆಕ್ಷನ್ ಕಲಿಸಿ, ಸಿನಿಮಾದಲ್ಲಿ ಅವಕಾಶ ಗ್ಯಾರಂಟಿ ಅನ್ನುತ್ತದೆ. ಸೇರಬಹುದಾ?

ಗ್ಯಾರಂಟಿ ಅನ್ನೋ ಮಾತು ಕೇಳಿದ ಕೂಡಲೇ ಎದ್ದು ಬನ್ನಿ. ಇಂಥ ಕಡೆ ಸಿಗುವ ಅವಕಾಶ ಏನು ಗೊತ್ತಾ? ಅವರದೇ ಸಿನಿಮಾಕ್ಕೆ ನೀವು ದುಡ್ಡು ಕೊಟ್ಟು ಕ್ಲಾಪ್ ಹಿಡಿಯುವುದು. ಗೋಡೆ ತುಂಬ ಸ್ಟಾರ್‌ಗಳ ಜೊತೆ ಫೋಟೋ ಇರುತ್ತದೆ, ವಿದ್ಯಾರ್ಥಿಗಳು ಮಾಡಿದ ಒಂದು ಚಿತ್ರ ತೋರಿಸಿ ಅಂದರೆ ‘ಸರ್ವರ್ ಡೌನ್’. ಹೋಗಿ ನೋಡುವುದಾದರೆ ಮೂರು ಕೇಳಿ: ಪಾಠ ಮಾಡುವವರು ಯಾರು, ಈ ವರ್ಷ ಅವರು ಯಾವ ಚಿತ್ರಕ್ಕೆ ಕೆಲಸ ಮಾಡಿದ್ದಾರೆ, ಹೋದ ಬ್ಯಾಚಿನವರ ಫೋನ್ ನಂಬರ್ ಕೊಡುತ್ತೀರಾ. ಮೂರನೆಯದಕ್ಕೇ ಮಾತು ಬದಲಾಗುತ್ತದೆ.

ಬೆಂಗಳೂರಿನಲ್ಲೇ ಕಲಿಯಬೇಕು ಅನ್ನುವವರಿಗೆ ಸರ್ಕಾರಿ ದಾರಿ ಬಹಳ ಹಿಂದಿನಿಂದ ಇದೆ. ಗುರುದತ್ ಚಿತ್ರಗಳಿಗೆ ಕ್ಯಾಮೆರಾ ಹಿಡಿದ ವಿ.ಕೆ. ಮೂರ್ತಿ 1940ರ ದಶಕದಲ್ಲಿ ಇಲ್ಲಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿದವರು. ಆಮೇಲೆ ಗೋವಿಂದ ನಿಹಲಾನಿ ಓದಿದ್ದೂ ಅಲ್ಲೇ. ಆ ಪರಂಪರೆಯ ಸಿನಿಮಾ ಡಿಪ್ಲೊಮಾ ಈಗ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿದೆ. ಅದು ಸ್ನಾತಕೋತ್ತರ ಅಲ್ಲ, ಡಿಪ್ಲೊಮಾ. ಡಿಗ್ರಿ ಆದ ಮೇಲೆ ಮತ್ತೆ ಡಿಪ್ಲೊಮಾ ಮಾಡಲು ನಾಚಿಕೆ ಇಲ್ಲದಿದ್ದರೆ ವಿಚಾರಿಸಿ.

ಪ್ರಶ್ನೆ: ಪುಣೆಯ ಸಂಸ್ಥೆಯಲ್ಲಿ, ಕೋಲ್ಕತ್ತಾದ ಸತ್ಯಜಿತ್ ರೇ ಫಿಲ್ಮ್ ಸಂಸ್ಥೆಯಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಸೀಟು ಕೊಡಿಸುತ್ತೇನೆ ಅಂತ ಒಬ್ಬರು ಹೇಳಿದ್ದಾರೆ.

ಅಂಥ ಕೋಟಾ ಇಲ್ಲ. ಪೊಲೀಸರಿಗೆ ಹೇಳಿ.

ಪ್ರಶ್ನೆ: ಫಿಲ್ಮ್ ಸ್ಟಡೀಸ್‌ನಲ್ಲಿ ಎಂ.ಎ. ಮಾಡಿದರೆ ಸಿನಿಮಾ ಮಾಡಬಹುದಾ?

ಮಾಡಬಹುದು. ಆದರೆ ಅಲ್ಲಿ ಅದನ್ನು ಕಲಿಸುವುದಿಲ್ಲ. ಕೋಲ್ಕತ್ತಾದ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ 1993ರಿಂದ ಫಿಲ್ಮ್ ಸ್ಟಡೀಸ್ ವಿಭಾಗ ಇದೆ. ಒಳ್ಳೆಯ ಜಾಗ. ಅಲ್ಲಿ ಸಿನಿಮಾ ನೋಡುತ್ತೀರಿ, ಇತಿಹಾಸ ಓದುತ್ತೀರಿ, ಉದ್ದುದ್ದ ಬರೆಯುತ್ತೀರಿ. ಬರೆಯಲು, ಪಾಠ ಮಾಡಲು, ಸಂಶೋಧನೆ ಮಾಡಲು ಇಷ್ಟ ಇರುವವರು ಹೋಗಿ. ಕನ್ನಡ ಸಿನಿಮಾಕ್ಕೆ ಇಂಥವರು ಜಾಸ್ತಿ ಬೇಕು. ನಿರ್ದೇಶಕರು ಈಗಾಗಲೇ ಬೇಕಾದಷ್ಟು ಇದ್ದಾರೆ. ಎರಡೂ ಒಂದೇ ಅಂದುಕೊಂಡು ಸೇರಿ, ಮೊದಲ ಸೆಮಿಸ್ಟರಿಗೇ ‘ಕ್ಯಾಮೆರಾ ಯಾವಾಗ ಕೊಡ್ತಾರೆ’ ಅಂತ ನನಗೆ ಬರೆಯಬೇಡಿ. ಎರಡೂ ಸ್ವಲ್ಪ ಸ್ವಲ್ಪ ಬೇಕು ಅನ್ನುವವರು ದೆಹಲಿಯ ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯದಲ್ಲಿ ಮಾಸ್ ಕಮ್ಯುನಿಕೇಷನ್ ಎಂ.ಎ. ನೋಡಿ. ನಮ್ಮ ಹೆಗ್ಗೋಡಿನ ನೀನಾಸಂ 1970ರ ದಶಕದಲ್ಲೇ ಹಳ್ಳಿಯಲ್ಲಿ ಚಿತ್ರಸಮಾಜ ಕಟ್ಟಿ, ಕನ್ನಡದಲ್ಲೇ ರಸಗ್ರಹಣ ಶಿಬಿರ ಮಾಡಿದ ಸಂಸ್ಥೆ. ಸಿನಿಮಾದ ಬಗ್ಗೆ ಯೋಚಿಸಲು ಇಂಗ್ಲಿಷೇ ಬೇಕು ಅನ್ನುವವರಿಗೆ ಈ ಮಾತು.

ಪ್ರಶ್ನೆ: ಎಫ್‌ಟಿಐಐ ಓದು ವಿಶ್ವವಿದ್ಯಾಲಯದ ಓದಿಗೆ ಸಮವೇ?

2025ರ ಏಪ್ರಿಲಿನಲ್ಲಿ ಪುಣೆ, ಕೋಲ್ಕತ್ತಾ ಎರಡೂ ಸಂಸ್ಥೆಗಳಿಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ, ಅಂದರೆ ವಿಶ್ವವಿದ್ಯಾಲಯಕ್ಕೆ ಸಮ ಅನ್ನುವ ಮಾನ್ಯತೆ, ಸಿಕ್ಕಿದೆ. ಹಳೆಯ ಡಿಪ್ಲೊಮಾ ಇರುವವರು ಪಿಎಚ್.ಡಿ.ಗೆ ಸೇರಲಿರುವ ಕಡೆಯೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಇನ್ನು, ಯಾವ ನಿರ್ಮಾಪಕರೂ ನಿಮ್ಮ ಸರ್ಟಿಫಿಕೇಟ್ ಕೇಳುವುದಿಲ್ಲ.

ಪ್ರಶ್ನೆ: ಸೇರುವ ಮೊದಲು ಯಾವ ಕ್ಯಾಮೆರಾ ತಗೊಳ್ಳಲಿ?

ಯಾವುದೂ ಬೇಡ. ಕಿಸೆಯಲ್ಲಿರುವ ಫೋನ್ ಸಾಕು.

ಪ್ರಶ್ನೆ: ಸಂದರ್ಶನಕ್ಕೆ ಏನು ತಯಾರಿ? ಕೋಚಿಂಗ್ ಸೇರಲೇ?

ಬೇಡ. ಕೋಚಿಂಗ್‌ನವರು ಬಾಯಿಪಾಠ ಮಾಡಿಸಿದ ಉತ್ತರ ಎದುರಿಗೆ ಕೂತವರಿಗೆ ಒಂದು ಮೈಲಿಯಿಂದ ಗೊತ್ತಾಗುತ್ತದೆ. ಒಂದೇ ಗುಂಪಿನ ಐದು ಜನ ಬಂದು ಐವರೂ ಅದೇ ಇರಾನಿ ನಿರ್ದೇಶಕರ ಹೆಸರು ಹೇಳುತ್ತಾರೆ. ಯಾಕೆ ಇಷ್ಟ ಅಂದರೆ ‘ಸಿಂಪ್ಲಿಸಿಟಿ ಸಾರ್’. ಸಿನಿಮಾ ಯಾಕೆ ಅಂದರೆ ‘ಪ್ಯಾಷನ್ ಸಾರ್’. ನಿಮಗೆ ನಿಜವಾಗಿ ಇಷ್ಟವಾದ ಒಂದು ಚಿತ್ರ ತಗೊಳ್ಳಿ, ಪಕ್ಕಾ ಮಾಸ್ ಚಿತ್ರ ಆದರೂ ಪರವಾಗಿಲ್ಲ. ಅದರ ಒಂದೇ ಒಂದು ದೃಶ್ಯವನ್ನು ಮ್ಯೂಟ್ ಮಾಡಿ ನೋಡಿ. ಆಮೇಲೆ ಚಿತ್ರ ನೋಡದೆ ಸದ್ದು ಮಾತ್ರ ಕೇಳಿ. ಎಲ್ಲಿ ಕಟ್ ಆಯಿತು, ಯಾರ ಮುಖದ ಮೇಲೆ ಆಯಿತು, ಯಾಕೆ ಅಂತ ಒಂದು ಪುಟ ಬರೆದುಕೊಳ್ಳಿ. ಡ್ರೋನ್ ಶಾಟ್ ತುಂಬಿದ ಶೋರೀಲ್ (ನಿಮ್ಮ ಕೆಲಸದ ತುಣುಕುಗಳ ವಿಡಿಯೋ) ಮಾತ್ರ ತರಬೇಡಿ.