ಯಾವ ದೇಶದವಳು ನೀನು?

ಪ್ರಶ್ನೆ: ಅಕ್ಕಾ, ನಾನು ಹಳಿಯಾಳ ಕಡೆಯ ಸಿದ್ದಿ ಹುಡುಗಿ, ಹಿಂದೆ ಆಫ್ರಿಕಾದಿಂದ ಬಂದವರ ಸಮುದಾಯ ನಮ್ಮದು. ಕೆಲಸ ಬೆಂಗಳೂರಿನಲ್ಲಿ. ಆಟೊದವರು, ಅಂಗಡಿಯವರು ನನ್ನನ್ನು ಕಂಡ ಕೂಡಲೇ ಇಂಗ್ಲಿಷ್ ಶುರು ಮಾಡುತ್ತಾರೆ. ಕನ್ನಡದಲ್ಲಿ ಉತ್ತರ ಕೊಟ್ಟರೆ ‘ಎಷ್ಟು ಚೆನ್ನಾಗಿ ಕಲಿತಿದೀರಾ’ ಅಂತಾರೆ! ರೂಮಿನ ಗೆಳತಿ ದಕ್ಷಿಣ ಆಫ್ರಿಕಾದ ಹೋರಾಟಗಾರ ಸ್ಟೀವ್ ಬೀಕೊ ಬಗ್ಗೆ ಓದು ಅಂದಳು. ಅವರು ಹೇಳಿದ ‘ಕಪ್ಪು ಪ್ರಜ್ಞೆ’ ಅಂದರೆ ಏನು? ಆಫ್ರಿಕಾವನ್ನೇ ನೋಡದ ನನಗೆ ಅದರಿಂದ ಏನಾಗಬೇಕು? ಇನ್ನೊಂದು ವಿಷಯ. ಕೂದಲು ಸ್ಟ್ರೇಟ್ನಿಂಗ್ ಮಾಡಿಸಲಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ತಂಗಿ, ‘ಚೆನ್ನಾಗಿ ಕಲಿತಿದೀರಾ’ ಓದಿ ನಕ್ಕುಬಿಟ್ಟೆ. ಆ ಬಹುಮಾನ ನನಗೂ ಎಷ್ಟೋ ಸಲ ಸಿಕ್ಕಿದೆ. ನಾನು ಯಲ್ಲಾಪುರದ ಕಾಡಂಚಿನವಳು. ಧಾರವಾಡದಲ್ಲಿ ಕಾಲೇಜು ಓದುವಾಗ ಯಾರಾದರೂ ಯಾವ ದೇಶ ಅಂದರೆ ಉತ್ತರ ಬಾಯಿಪಾಠ ಆಗಿತ್ತು. ‘ನಾನು ಆಫ್ರಿಕಾದವಳಲ್ಲ, ಫಾರಿನ್ನವಳಲ್ಲ, ನೀಗ್ರೊ ಅಲ್ಲ.’ ಬರೀ ‘ಅಲ್ಲ’. ಮತ್ತೆ ಯಾರು ಅಂದರೆ ಬಾಯಿ ಕಟ್ಟುತ್ತಿತ್ತು.

ಬೀಕೊ ಕೈ ಹಾಕಿದ್ದು ಈ ‘ಅಲ್ಲ’ಕ್ಕೇ. (ಮೂವತ್ತಕ್ಕೇ ಸತ್ತವನು, ತಮ್ಮನ ಹಾಗೆ ಅನ್ನಿಸುತ್ತಾನೆ. ಅದಕ್ಕೇ ‘ಅವನು’ ಅಂತಿದೀನಿ.) ಆಗ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಸರ್ಕಾರ. ಅವನು ಡರ್ಬನ್‌ನಲ್ಲಿ ಡಾಕ್ಟರಿಕೆ ಓದುತ್ತಿದ್ದ, ‘ಬಿಳಿಯರಲ್ಲದವರ’ ವಿಭಾಗದಲ್ಲಿ. 1967ರಲ್ಲಿ ವಿದ್ಯಾರ್ಥಿ ಸಂಘದ ಸಮ್ಮೇಳನಕ್ಕೆ ಗ್ರಹಾಂಸ್‌ಟೌನ್‌ಗೆ ಹೋದ. ಸಂಘದ ಬಿಳಿಯರು ವರ್ಣಭೇದ ತಪ್ಪು ಅನ್ನುವವರೇ. ಆದರೆ ರಾತ್ರಿಯಾದರೆ ಅವರು ಹಾಸ್ಟೆಲಿಗೆ, ಕರಿಯರು ಊರಾಚೆಗೆ. ನಮ್ಮ ಪರವಾಗಿ ಇವರು ಮಾತಾಡಿದ್ದು ಸಾಕು ಅನ್ನಿಸಿತು ಬೀಕೊಗೆ. 1969ರಲ್ಲಿ ಕರಿಯ ವಿದ್ಯಾರ್ಥಿಗಳದ್ದೇ ಸಂಘ ‘ಸಾಸೊ’ ಶುರುವಾಯಿತು, ಮೊದಲ ಅಧ್ಯಕ್ಷ ಬೀಕೊ. ಅದರ ಪತ್ರಿಕೆಯಲ್ಲಿ ‘ಫ್ರ್ಯಾಂಕ್ ಟಾಕ್’ ಅನ್ನುವ ಹೆಸರಲ್ಲಿ ಅಂಕಣ ಬರೆದ. ಕಾನೂನಿಗಿಂತ ಮೊದಲು, ತನ್ನನ್ನೇ ಕೀಳು ಅಂದುಕೊಂಡ ಮನಸ್ಸು ರಿಪೇರಿ ಆಗಬೇಕು. ‘ಬಿಳಿಯರಲ್ಲದವರು’ ಅನ್ನುವುದು ಬೇಡ, ಕಪ್ಪು ಅಂತಲೇ ಹೇಳೋಣ. ಕಪ್ಪು ಪ್ರಜ್ಞೆ ಅಂದರೆ ಇದು.

ಸುಮ್ನೆ ಚರ್ಮದ ಮಾತಲ್ಲ ಅದು. 1976ರಲ್ಲಿ ಪ್ರಿಟೋರಿಯಾದ ಕೋರ್ಟಿನಲ್ಲಿ, ಸಂಗಾತಿಗಳ ಮೇಲೆ ಹಾಕಿದ ಕೇಸಿನಲ್ಲಿ ಬೀಕೊ ಸಾಕ್ಷಿ ಹೇಳುವಾಗ ಜಡ್ಜು ಕೇಳಿದರು, ನೀವು ಕಂದು ಬಣ್ಣ, ಕಪ್ಪು ಅಂತ ಯಾಕೆ ಹೇಳಿಕೊಳ್ಳುತ್ತೀರಿ ಅಂತ. ಬಿಳಿಯರೂ ಬಿಳಿ ಇಲ್ಲವಲ್ಲ, ಗುಲಾಬಿ ಬಣ್ಣ ಇದ್ದಾರೆ ಅಂದನಂತೆ! ಆ ಕಟಕಟೆಯಲ್ಲಿದ್ದ ಆರೋಪಿಗಳಲ್ಲಿ ಸಾಥ್ಸ್ ಕೂಪರ್, ಸ್ಟ್ರಿನಿ ಮೂಡ್ಲಿ ಭಾರತೀಯ ಮೂಲದವರು. ಅವರೂ ತಮ್ಮನ್ನು ಕಪ್ಪು ಅಂತಲೇ ಕರೆದುಕೊಂಡರು, ರಾಬೆನ್ ದ್ವೀಪದ ಜೈಲಿಗೂ ಹೋದರು. ಮರುವರ್ಷ ಬೀಕೊನನ್ನು ಹಿಡಿದರು. ಪೊಲೀಸರ ವಶದಲ್ಲಿ ತಲೆಗೆ ಪೆಟ್ಟು ಬಿತ್ತು. ಬೆತ್ತಲೆಯಾಗಿ ವಾಹನದಲ್ಲಿ ಮಲಗಿಸಿ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ ಸಾಗಿಸಿದರು. 1977ರ ಸೆಪ್ಟೆಂಬರ್ 12ರಂದು ತೀರಿಕೊಂಡ.

ಇದನ್ನೆಲ್ಲ ಓದಿ ನಾನೇನು ‘ಕಪ್ಪು’ ಅಂತ ಬೋರ್ಡು ಹಾಕಿಕೊಳ್ಳಲಿಲ್ಲ. ಅವರ ಜಗಳ ಅವರದು, ಎರವಲು ತರುವುದಕ್ಕೆ ಆಗಲ್ಲ. ನಾನು ಮಾಡಿದ್ದು ಇಷ್ಟೇ. ರಜೆಗೆ ಊರಿಗೆ ಹೋದಾಗ, ಕೌದಿ ಹೊಲಿಯುತ್ತಿದ್ದ ಅಜ್ಜಿಯ ಪಕ್ಕ ಕೂತು ಕೇಳಿದೆ, ನಾವು ಎಲ್ಲಿಯವರು ಅಂತ. ಅಜ್ಜಿ ಆಫ್ರಿಕಾದ ಹೆಸರನ್ನೇ ಕೇಳಿದವಳಲ್ಲ. ‘ಗೋವೆಯಿಂದ ಓಡಿ ಬಂದವರಂತೆ’ ಅಂದಳು, ಸೂಜಿ ನಿಲ್ಲಿಸದೆ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಕೆಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ್ದನ್ನು ಆಮೇಲೆ ಓದಿದೆ. ಗುಲಾಮರ ಮೊಮ್ಮಕ್ಕಳು ಅಂತ ಮುಚ್ಚಿಟ್ಟುಕೊಂಡು ತಿರುಗುತ್ತಿದ್ದೆ ನೋಡು, ಅಜ್ಜಿ ಹೇಳಿದ್ದು ಓಡಿ ಬಂದವರು ಅಂತ! ಈಗ ಯಾರಾದರೂ ಕೇಳಿದರೆ ‘ಸಿದ್ದಿ, ಯಲ್ಲಾಪುರ’ ಅಂತೀನಿ. ಅವರಿಗೆ ಪುರುಸೊತ್ತಿದ್ದರೆ ಆಫ್ರಿಕಾದಿಂದ ಶುರು ಮಾಡುತ್ತೇನೆ.

ಇನ್ನು ಕೂದಲು. ತಲೆ ನಿನ್ನದು, ದುಡ್ಡೂ ನಿನ್ನದು, ಮಾಡಿಸಿದರೆ ನಾನು ಬೈಯಲ್ಲ. ನಾನೂ ಹಾಸ್ಟೆಲಿನಲ್ಲಿ ಕೊಬ್ಬರಿ ಎಣ್ಣೆ ಸುರಿದುಕೊಂಡು, ಬಿಗಿಯಾಗಿ ಬಟ್ಟೆ ಕಟ್ಟಿ ಮಲಗುತ್ತಿದ್ದೆ. ಬೆಳಿಗ್ಗೆ ಬಿಚ್ಚಿದರೆ ಹತ್ತು ನಿಮಿಷ ನೆತ್ತಿಗೆ ಅಂಟಿಕೊಂಡಿರೋದು. ತಿಂಡಿಗೆ ಹೋಗುವಷ್ಟರಲ್ಲಿ ಒಂದೊಂದೇ ಎದ್ದು ನಿಲ್ಲೋದು! ಮೊದಲು ಆ ಸಣ್ಣ ಹಲ್ಲಿನ ಬಾಚಣಿಗೆ ಬಿಸಾಡು. ಅಗಲ ಹಲ್ಲಿನದು ತಗೋ. ತಲೆ ಒದ್ದೆ ಇರುವಾಗಲೇ, ತುದಿಯಿಂದ ಬಿಡಿಸುತ್ತಾ ಬುಡಕ್ಕೆ ಬಾ. ಎರಡು ತಿಂಗಳು ಹೀಗೆ ಮಾಡಿ ನೋಡಿ, ಆಮೇಲೆ ಪಾರ್ಲರಿನ ವಿಚಾರ ಬರಿ.