ಸಂಪಾದಕರ ಉತ್ತರ: ಮಗಳು ಯಾಂಗ್‌ಝೌಗೆ ಹೊರಟಿದ್ದಾಳೆ

(ಹಾಸನದ ಓದುಗರೊಬ್ಬರ ಪತ್ರದ ಸಾರ: "ನನ್ನ ಮಗಳಿಗೆ ಚೀನಾದ ಯಾಂಗ್‌ಝೌನಲ್ಲಿ ಪಿಎಚ್.ಡಿ. ಮಾಡಲು ಸ್ಕಾಲರ್‌ಶಿಪ್ ಸಿಕ್ಕಿದೆ. ಶಾಂಘೈ, ಬೀಜಿಂಗ್ ಆಗಿದ್ದರೆ ಧೈರ್ಯವಾಗಿ ಕಳಿಸುತ್ತಿದ್ದೆ. ಈ ಹಳೇ ಕಾಲದ ಸಣ್ಣ ಊರಲ್ಲಿ ಹೊರದೇಶದ ಹುಡುಗಿ ಒಬ್ಬಳೇ ಹೇಗಿರುತ್ತಾಳೆ? ನಾವು ಸಸ್ಯಾಹಾರಿಗಳು ಬೇರೆ. ಓದು ಮುಗಿದ ಮೇಲೆ ಅಲ್ಲೇ ನೆಲೆಸಬಹುದಾ? ನಾನೊಮ್ಮೆ ಹೋಗಿ ನೋಡಿ ಬರಲಾ?")

ನಮಸ್ಕಾರ.

ಆ ಊರಲ್ಲಿ ಕೆಲ ಕಾಲ ಇದ್ದು ಬಂದವನು ನಾನು. ಹಾಗಾಗಿ ಸ್ವಲ್ಪ ಸಲುಗೆ ತೆಗೆದುಕೊಂಡು ಉದ್ದಕ್ಕೆ ಬರೆಯುತ್ತಿದ್ದೇನೆ.

ಯಾಂಗ್‌ಝೌ ಸಣ್ಣ ಊರು ಅನ್ನೋದು ಚೀನಾದವರ ಲೆಕ್ಕ. 2020ರ ಜನಗಣತಿಯಲ್ಲಿ ಸುತ್ತಲಿನ ತಾಲ್ಲೂಕುಗಳೂ ಸೇರಿ ಅಲ್ಲಿ 45 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಆದರೆ ಹಳೇ ಊರು ಮಾತ್ರ ನಿಜಕ್ಕೂ ಚಿಕ್ಕದು. ಸುಮಾರು 5 ಚದರ ಕಿಲೋಮೀಟರ್ ಇರಬಹುದು. ಬೂದು ಇಟ್ಟಿಗೆಯ ಗೋಡೆಗಳು, ಸೈಕಲ್ ಮಾತ್ರ ತೂರುವ ಓಣಿಗಳು, ಪಕ್ಕದಲ್ಲೇ ಚೀನಾದ ಹಳೇ ಮಹಾ ಕಾಲುವೆ (ಗ್ರ್ಯಾಂಡ್ ಕೆನಾಲ್). ಉಪ್ಪಿನ ವ್ಯಾಪಾರದಲ್ಲಿ ದುಡ್ಡು ಮಾಡಿದ ಸಾಹುಕಾರರು ಕಟ್ಟಿಸಿದ ತೋಟದ ಮನೆಗಳು ಈಗಲೂ ಇವೆ. ನಿಮ್ಮ ಮಗಳು ಸಂಜೆ ಹೊತ್ತು ಅಲ್ಲಿ ಓಡಾಡಲು ಹೆದರಬೇಕಾಗಿಲ್ಲ. ರಾತ್ರಿ ಹತ್ತು ಗಂಟೆಗೂ ಅಜ್ಜಿಯರು ಕಾಲುವೆ ದಡದಲ್ಲಿ ಆರಾಮಾಗಿ ನಡೆದಾಡುತ್ತಿರುತ್ತಾರೆ.

ಹೊರಗಿನವರನ್ನು ಕಂಡು ಗೊತ್ತಿಲ್ಲದ ಊರೇನೂ ಅಲ್ಲ ಅದು. ಕೊರಿಯಾದ ಚೊಯೆ ಚಿವೊನ್ 12ನೇ ವಯಸ್ಸಿಗೆ ಚೀನಾಗೆ ಓದಲು ಬಂದ ಹುಡುಗ. 874ರಲ್ಲಿ ಅಲ್ಲಿನ ಸರ್ಕಾರಿ ಪರೀಕ್ಷೆ ಪಾಸು ಮಾಡಿ, ಮುಂದೆ ಯಾಂಗ್‌ಝೌನಲ್ಲೇ ಅಧಿಕಾರಿಯಾಗಿ ಕೆಲಸ ಮಾಡಿದ. ಇವತ್ತು ಊರಲ್ಲಿ ಅವನ ಸ್ಮಾರಕ ಭವನವಿದೆ. ಪಶ್ಚಿಮ ಏಷ್ಯಾದಿಂದ ಬಂದ ಪುಹಾದ್ದೀನ್ ಅನ್ನುವ ಮುಸ್ಲಿಂ ಗುರು 1275ರಲ್ಲಿ ತೀರಿಕೊಂಡಾಗ ಅವನನ್ನು ಕಾಲುವೆಯ ಪೂರ್ವ ದಂಡೆಯಲ್ಲಿ ಮಣ್ಣು ಮಾಡಿದರು. ಆ ಗೋರಿ ಈಗಲೂ ಇದೆ. ಮಾರ್ಕೋ ಪೋಲೋ ತಾನು ಈ ಊರನ್ನು ಮೂರು ವರ್ಷ ಆಳಿದೆ ಎಂದು ಹೇಳಿಕೊಂಡಿದ್ದಾನೆ. ಚೀನಾದ ಕಡತಗಳಲ್ಲಿ ಅದಕ್ಕೆ ಪುರಾವೆ ಸಿಕ್ಕಿಲ್ಲ. ಬಡಾಯಿ ಇರಬೇಕು ಬಿಡಿ. ನನಗೆ ಅವನಿಗಿಂತ ಕತರೀನಾ ಜಾಸ್ತಿ ಇಷ್ಟ. 1950ರ ದಶಕದ ಶುರುವಿನಲ್ಲಿ ಊರ ಕೋಟೆಗೋಡೆ ಕೆಡವುವಾಗ ಒಂದು ಸಮಾಧಿ ಕಲ್ಲು ಸಿಕ್ಕಿತು. ಅದರ ಮೇಲೆ ಲ್ಯಾಟಿನ್ ಭಾಷೆಯ ಬರಹವಿತ್ತು. ಡೊಮೆನಿಕೊ ವಿಲಿಯೋನಿ ಎಂಬುವನ ಮಗಳು ಕತರೀನಾ 1342ರಲ್ಲಿ ತೀರಿಕೊಂಡಳು ಅಂತ. ಇಟಲಿಯಿಂದ ಅಷ್ಟು ದೂರ, ಅಲ್ಲಿ ಬದುಕಿದ ಹೆಣ್ಣುಮಗಳು. ಅವಳ ಬಗ್ಗೆ ಇನ್ನೇನು ಉಳಿದಿದೆ ಹೇಳಿ?

ಇದನ್ನೆಲ್ಲ ಪ್ರವಾಸೋದ್ಯಮದವರು ತುಂಬಾ ಚೆನ್ನಾಗಿ ಹೇಳುತ್ತಾರೆ. ಅವರು ಹೇಳದೇ ಇರುವುದು 760ರ ಕಥೆ. ದಂಗೆಯೊಂದನ್ನು ಅಡಗಿಸಲು ಬಂದ ಸೇನಾಪತಿ ತಿಯಾನ್ ಶೆನ್‌ಗೊಂಗ್‌ನ ಸೈನಿಕರು ಊರನ್ನೇ ಲೂಟಿ ಮಾಡಿದರು. ಸಾವಿರಾರು ಅರಬ್ ಮತ್ತು ಪರ್ಷಿಯನ್ ವ್ಯಾಪಾರಿಗಳನ್ನು ಕೊಂದರು. ಹೆದರಿಸೋಕೆ ಇದನ್ನು ಹೇಳ್ತಾ ಇಲ್ಲ. "ಹೊರಗಿನವರನ್ನು ಸದಾ ಅಪ್ಪಿಕೊಂಡ ಊರು" ಎಂಬ ಮಾತನ್ನು ಅಲ್ಲಿ ನಿಮ್ಮ ಮಗಳಿಗೆ ಪದೇ ಪದೇ ಹೇಳುತ್ತಾರೆ. ಅರ್ಧ ನಂಬಿದರೆ ಸಾಕು. ಅತಿಥಿಯಾಗಿರುವುದು ಅಲ್ಲಿ ತುಂಬಾ ಸುಲಭ. ಊರಿನವಳಾಗುವುದು ಬೇರೆ ಮಾತು.

ಇಡೀ ಚೀನಾದಲ್ಲಿ 2020ರ ಜನಗಣತಿ ಹೊತ್ತಿಗೆ ಇದ್ದ ವಿದೇಶಿಯರು ಸುಮಾರು 8.45 ಲಕ್ಷ. 141 ಕೋಟಿ ಜನರ ನಡುವೆ ಅದು ಏನೂ ಅಲ್ಲ. ಅವರಲ್ಲೂ ತುಂಬಾ ಜನ ಇರುವುದು ಶಾಂಘೈ, ಗುವಾಂಗ್‌ಡಾಂಗ್ ಪ್ರಾಂತ್ಯದಂಥ ಕಡೆ. ಹಾಗಾಗಿ ಯಾಂಗ್‌ಝೌನ ಓಣಿಯಲ್ಲಿ ನಿಮ್ಮ ಮಗಳನ್ನು ಜನ ತಿರುಗಿ ನೋಡುತ್ತಾರೆ. ಮಾತಿಗೆ ಸಿಕ್ಕರೆ ಯಾವ ದೇಶ, ವಯಸ್ಸೆಷ್ಟು, ಮದುವೆ ಆಗಿದೆಯಾ, ಸಂಬಳ ಎಷ್ಟು ಅಂತ ಕೇಳುತ್ತಾರೆ. ನಮ್ಮ ಬಸ್ಸಲ್ಲಿ ಪಕ್ಕದ ಸೀಟಿನವರು ಕೇಳೋ ಪ್ರಶ್ನೆಗಳೇ, ಅಲ್ವಾ? ಬೇಜಾರು ಮಾಡಿಕೊಳ್ಳುವಂಥದ್ದಲ್ಲ. ಒಂದು ತೊಡಕು ಮಾತ್ರ ಇದೆ. ತರಗತಿಯಲ್ಲಿ ಕಲಿತ ಚೀನೀ ಭಾಷೆ ಇಟ್ಟುಕೊಂಡು ಹೋದರೆ ಅಲ್ಲಿನ ಅಜ್ಜ ಅಜ್ಜಿಯರ ಮಾತು ಮೊದಮೊದಲು ಅರ್ಥವೇ ಆಗೋದಿಲ್ಲ. ಅವರದು ಯಾಂಗ್‌ಝೌ ಆಡುಮಾತು. ಅದಕ್ಕೆ ನನ್ನ ಸಲಹೆ ಇಷ್ಟೇ: ಊರೆಲ್ಲ ಸುತ್ತುವುದು ಬಿಟ್ಟು ಒಂದೇ ತರಕಾರಿ ಅಂಗಡಿ, ಒಂದೇ ತಿಂಡಿ ಅಂಗಡಿ, ಒಂದೇ ಓಣಿ ಹಿಡಿಯಲಿ. ಅಂಗಡಿಯಾಕೆ ಮುಖ ಗುರುತು ಹಿಡಿದು "ಎರಡು ದಿನ ಎಲ್ಲಿ ಹೋಗಿದ್ದೆ?" ಎಂದು ಕೇಳಿದ ದಿನದಿಂದ ಅವಳಿಗೆ ಆ ಊರು ಸಲೀಸಾಗುತ್ತದೆ. ಶಾಂಘೈನಲ್ಲಿ ಹಾಗೆ ಕೇಳುವವರು ಸಿಗುವುದು ಕಷ್ಟ. ನನ್ನನ್ನು ಕೇಳಿದರೆ ಸಣ್ಣ ಊರೇ ವಾಸಿ.

ಊಟದ ವಿಷಯಕ್ಕೆ ಬರೋಣ. ಇದೇ ನಿಜವಾದ ಪರೀಕ್ಷೆ. "ಬೆಳಗ್ಗೆ ಚರ್ಮದೊಳಗೆ ನೀರು, ಸಂಜೆ ನೀರೊಳಗೆ ಚರ್ಮ" ಅಂತ ಆ ಊರಿನ ಬಗ್ಗೆ ಒಂದು ಮಾತಿದೆ. ಬೆಳಗ್ಗೆ ಟೀ ಜೊತೆ ಸಾರು ತುಂಬಿದ ಬಿಸಿ ಬನ್ನು, ಸಂಜೆ ಸಾರ್ವಜನಿಕ ಸ್ನಾನದ ಮನೆಯಲ್ಲಿ ಮುಳುಗು ಹಾಕುವುದು. ಅಲ್ಲಿನವರಿಗೆ ಬೆಳಗಿನ ತಿಂಡಿ ಅಂದರೆ ಗಂಟೆಗಟ್ಟಲೆ ಕೂತು ಮಾಡುವ ಕೆಲಸ. 2019ರಲ್ಲಿ ಯುನೆಸ್ಕೋ ಆ ಊರನ್ನು ತನ್ನ ಆಹಾರ ನಗರಗಳ ಪಟ್ಟಿಗೆ ಸೇರಿಸಿದೆ. ಆದರೆ ಸಸ್ಯಾಹಾರಿಗೆ ಅಲ್ಲಿ ಕಣ್ಣಿಗೆ ಕಾಣುವುದೆಲ್ಲ ನಂಬುವಂತಿಲ್ಲ. ಎಳೆ ಎಳೆಯಾಗಿ ಹೆಚ್ಚಿದ ತೋಫು (ಸೋಯಾ ಪನೀರು) ಅಲ್ಲಿನ ಹೆಸರಾಂತ ತಿನಿಸು. ನೋಡಿದರೆ ಶುದ್ಧ ಸಸ್ಯಾಹಾರ. ಅದು ಬೆಂದಿರೋದು ಕೋಳಿ ಸಾರಿನಲ್ಲಿ. ಹಸಿರು ಸೊಪ್ಪು ತುಂಬಿದ ಶಾವ್‌ಮಾಯ್ ಅನ್ನುವ ತಿಂಡಿಯಲ್ಲಿ ಸಕ್ಕರೆ ಜೊತೆ ಹಂದಿ ಕೊಬ್ಬೂ ಇರುತ್ತದೆ. ಅಂಗಡಿಯವರು ಮೋಸ ಮಾಡುತ್ತಾರೆ ಅಂತಲ್ಲ. ಮಾಂಸದ ತುಂಡು ಕಾಣದಿದ್ದರೆ ಅದು ಸಸ್ಯಾಹಾರ ಅಂತಲೇ ಅವರ ಎಣಿಕೆ. "ಮಾಂಸ, ಮೀನು ಬೇಡ, ಮಾಂಸದ ಸಾರು ಬೇಡ, ಹಂದಿ ಕೊಬ್ಬೂ ಬೇಡ" ಎಂದು ಚೀನೀ ಲಿಪಿಯಲ್ಲಿ ಫೋನಿನಲ್ಲಿ ಬರೆದಿಟ್ಟುಕೊಳ್ಳಲಿ. ಹಾಸ್ಟೆಲಿನಲ್ಲಿ ಅಡುಗೆಮನೆ ಇದೆಯಾ ಎಂದು ಈಗಲೇ ಕೇಳಿ ತಿಳಿಯಲಿ. ಇದ್ದರೆ ಅರ್ಧ ಚಿಂತೆ ಮುಗಿಯಿತು. ತರಕಾರಿ, ಸೊಪ್ಪು, ಬಗೆಬಗೆಯ ತೋಫು ಅಲ್ಲಿ ಧಾರಾಳ.

ಚಳಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಚೀನಾದಲ್ಲಿ ಹುವಾಯ್ ನದಿಯ ಉತ್ತರಕ್ಕೆ ಸರ್ಕಾರವೇ ಕೊಳವೆ ಮೂಲಕ ಮನೆಮನೆಗೆ ಶಾಖ ಕೊಡುತ್ತದೆ. ಯಾಂಗ್‌ಝೌ ಇರುವುದು ಆ ಗೆರೆಯ ದಕ್ಷಿಣಕ್ಕೆ. ಅಲ್ಲಿ ಆ ಏರ್ಪಾಡಿಲ್ಲ. ಜನವರಿಯ ರಾತ್ರಿ ಶೂನ್ಯ ಡಿಗ್ರಿಗಿಂತ ಕೆಳಗಿಳಿಯುತ್ತದೆ, ಗಾಳಿಯಲ್ಲಿ ಥಂಡಿ ಬೇರೆ. ಮನೆಯೊಳಗೂ ದಪ್ಪ ಕೋಟು ಹಾಕಿಕೊಂಡೇ ಕೂರುತ್ತಾರೆ. ಕೋಟು ಇಲ್ಲಿಂದ ಹೊರಬೇಡಿ, ಅಲ್ಲೇ ಚೆನ್ನಾಗಿರೋದು ಅಗ್ಗಕ್ಕೆ ಸಿಗುತ್ತದೆ.

ಕಾಗದಪತ್ರದಲ್ಲಿ ಮಾತ್ರ ಉದಾಸೀನ ಮಾಡಬಾರದು. ಹೋಟೆಲು ಬಿಟ್ಟು ಬೇರೆಲ್ಲಿ ಉಳಿದರೂ 24 ಗಂಟೆಯೊಳಗೆ ಪೊಲೀಸರಲ್ಲಿ ವಿಳಾಸ ದಾಖಲಾಗಬೇಕು. ದೇಶದೊಳಗೆ ಕಾಲಿಟ್ಟ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಇನ್ನೊಂದು ಬಲೆ ಅಂದರೆ ಇಂಗ್ಲಿಷ್ ಟ್ಯೂಷನ್. "ವಾರಕ್ಕೆರಡು ಗಂಟೆ ನಮ್ಮ ಮಗುವಿಗೆ ಹೇಳಿಕೊಡಿ, ದುಡ್ಡು ಕೊಡ್ತೀವಿ" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅನುಮತಿ ಇಲ್ಲದೆ ವಿದ್ಯಾರ್ಥಿ ವೀಸಾದಲ್ಲಿ ಅದು ಅಪರಾಧ. ವಾಟ್ಸ್‌ಆ್ಯಪ್, ಗೂಗಲ್ ಅಲ್ಲಿ ನಡೆಯುವುದಿಲ್ಲ. ಅಲ್ಲಿನವರು ಬಳಸುವ ವೀಚಾಟ್ ಆ್ಯಪ್‌ಗೆ ನಮ್ಮ ದೇಶದಲ್ಲಿ 2020ರಿಂದ ನಿಷೇಧವಿದೆ. ಹೇಗೆ ಮಾತಾಡೋದು ಅಂತ ಅವಳು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಇಲ್ಲದಿದ್ದರೆ ಮೊದಲ ದಿನ ಫೋನ್ ಬರಲಿಲ್ಲ ಅಂತ ನೀವು ನಿದ್ದೆ ಕೆಡುತ್ತೀರಿ.

ನೆಲೆಸುವ ಬಗ್ಗೆ. ಕೆಲಸ ಸಿಕ್ಕರೆ, ವರ್ಕ್ ಪರ್ಮಿಟ್ ಆದರೆ ಇರಬಹುದು. ಆ ಕೆಲಸ ಹೋದರೆ ಪರ್ಮಿಟ್ಟೂ ಹೋಯಿತು. ಖಾಯಂ ವಾಸದ ಕಾರ್ಡು ಸಿಗುವವರು ಬೆರಳೆಣಿಕೆಯಷ್ಟು. ಚೀನಾ ಎರಡೆರಡು ಪೌರತ್ವ ಒಪ್ಪುವುದಿಲ್ಲ, ನಮ್ಮ ದೇಶವೂ ಅಷ್ಟೇ. ವರ್ಷಗಟ್ಟಲೆ ಅಲ್ಲಿದ್ದು, ಅಲ್ಲಿನವರಂತೆ ಮಾತಾಡುವವರನ್ನೂ ಜನ ಹೊರದೇಶದವರು ಎಂದೇ ಪರಿಚಯಿಸುತ್ತಾರೆ, ತುಂಬಾ ಪ್ರೀತಿಯಿಂದಲೇ. ಇದು ಕೆಲವರಿಗೆ ನೋವು ಕೊಡುತ್ತದೆ, ಕೆಲವರಿಗೆ ಹಗುರ ಅನಿಸುತ್ತದೆ. ಮಗಳು ಇವರಲ್ಲಿ ಯಾವ ಬಗೆಯವಳು ಎಂದು ನಿಮಗೇ ಗೊತ್ತು. ಈಗ ಓದಿಗೆಂದು ಹೋಗಲಿ. ಉಳಿದದ್ದನ್ನು ಹೊರಡುವ ಮೊದಲೇ ತೀರ್ಮಾನ ಮಾಡಬೇಕಾಗಿಲ್ಲ.

ನೀವು ಖಂಡಿತ ಹೋಗಿ ಬನ್ನಿ. 2020ರಿಂದ ನಿಂತಿದ್ದ ಭಾರತ-ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್‌ನಿಂದ ಮತ್ತೆ ಶುರುವಾಗಿವೆ. ಏಪ್ರಿಲ್‌ನಲ್ಲಿ ಹೋದರೆ ಕೆರೆ ದಂಡೆಯ ಹೂವೆಲ್ಲ ಬಿಟ್ಟಿರುತ್ತದೆ. ಜೂನ್ ಕೊನೆ, ಜುಲೈ ಬೇಡ. ಜಿಟಿಜಿಟಿ ಮಳೆಗೆ ಬಟ್ಟೆ ಒಣಗೋದಿಲ್ಲ. ಹಾಸ್ಟೆಲಿನಲ್ಲಿ ಉಳಿಯುವ ಬದಲು ಹೋಟೆಲು ಹಿಡಿಯಿರಿ, ಪೊಲೀಸ್ ದಾಖಲೆ ಅವರೇ ಮಾಡಿಬಿಡುತ್ತಾರೆ. ಚಟ್ನಿಪುಡಿ ಒಯ್ಯಿರಿ. ತುಪ್ಪದ ಡಬ್ಬಿ ಮಾತ್ರ ಮನೆಯಲ್ಲೇ ಇರಲಿ, ಹಾಲು ಬೆಣ್ಣೆಯಂಥ ಪದಾರ್ಥಗಳನ್ನು ಕಸ್ಟಮ್ಸ್‌ನವರು ಒಳಗೆ ಬಿಡುವುದಿಲ್ಲ.

— ಸಂಪಾದಕ