ಹೊರನಾಡಿನ ಹಿರಿಯ ಚಾಲಕರ ಹಿಂಜರಿಕೆ

ಪ್ರಶ್ನೆ: ಮೈಸೂರಿನಲ್ಲಿ ದಶಕಗಳ ಕಾಲ ಕಾರು ಓಡಿಸಿದ ನಮ್ಮ ಮಾವನವರು ನ್ಯೂಜೆರ್ಸಿಗೆ ಬಂದು ನೆಲೆಸಿದ ಮೇಲೆ, ಕೆಂಪು ದೀಪವಿದ್ದಾಗ ಬಲಕ್ಕೆ ತಿರುಗಲು ಹಿಂಜರಿಯುತ್ತಾರೆ. ಇದು ಪುಕ್ಕಲುತನವೇ?

ಉತ್ತರ: ಖಂಡಿತ ಅಲ್ಲ. ರಸ್ತೆಯ ಎಡಬದಿಯಲ್ಲಿ ಓಡಿಸಿ ಪಳಗಿದವರ ಕಣ್ಣು ತಿರುವಿನಲ್ಲಿ ಮೊದಲು ಬಲಗಡೆಗೆ ಹೊರಳುತ್ತದೆ. ಅಮೆರಿಕದಲ್ಲಿ ವಾಹನ ಮೊದಲು ಎದುರಾಗುವುದು ಎಡಗಡೆಯಿಂದಾದ್ದರಿಂದ, ಆ ಅಭ್ಯಾಸಬಲವನ್ನು ಪ್ರತಿಸಲವೂ ಪ್ರಜ್ಞಾಪೂರ್ವಕವಾಗಿ ತಿದ್ದಿಕೊಳ್ಳಬೇಕಾಗುತ್ತದೆ. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಓಡಿಸುವುದೂ ಇದರಿಂದಲೇ. ಆ ರಾಜ್ಯದಲ್ಲಿ ನಿಷೇಧದ ಫಲಕವಿಲ್ಲದ ಕಡೆ, ವಾಹನವನ್ನು ಪೂರ್ತಿ ನಿಲ್ಲಿಸಿ, ಪಾದಚಾರಿಗಳಿಗೆ ದಾರಿ ಬಿಟ್ಟು ತಿರುಗಬಹುದು. ತಪ್ಪಿದರೆ ದಂಡದ ಜೊತೆಗೆ ವಿಮಾ ಕಂತೂ ಏರಬಹುದು; ಆ ಹೊರೆ ಮಕ್ಕಳ ಮೇಲೆ ಬೀಳುತ್ತದೆಂಬ ಸಂಕೋಚವೂ (ಅವರು ಬಾಯಿಬಿಟ್ಟು ಹೇಳದಿದ್ದರೂ) ಇರಬಹುದು. ಹಿಂದಿನವರು ಹಾರ್ನ್ ಹೊಡೆದರೂ, ತಿರುಗುವುದು ಸುರಕ್ಷಿತ ಎನಿಸುವವರೆಗೆ ಅವರು ಅವಸರಪಡಬೇಕಿಲ್ಲ.